ಮುಂಗಡ ವೈದ್ಯಕೀಯ ನಿರ್ದೇಶನ: ಒಂದು ಕಾಗದದ ಚರಿತ್ರೆ

ಮುಂದೊಂದು ದಿನ ತನ್ನ ಚಿಕಿತ್ಸೆಯ ಬಗ್ಗೆ ತಾನೇ ಮಾತನಾಡಲಾಗದ ಸ್ಥಿತಿ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ವ್ಯಕ್ತಿ ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಡುವ ಪತ್ರವೇ ಮುಂಗಡ ವೈದ್ಯಕೀಯ ನಿರ್ದೇಶನ. ಲಿವಿಂಗ್ ವಿಲ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಜೀವಂತ ಉಯಿಲು ಎನ್ನುವವರೂ ಉಂಟು. ಆಸ್ತಿಯ ಉಯಿಲು ಬರೆದವರ ಕಾಲಾನಂತರ ಜಾರಿಗೆ ಬರುತ್ತದೆ. ಈ ಉಯಿಲು ಬರೆದವರ ಉಸಿರು ಇರುವಾಗಲೇ, ಆದರೆ ಮಾತು ನಿಂತ ಮೇಲೆ, ಜಾರಿಗೆ ಬರುತ್ತದೆ. ಇದರಲ್ಲಿ ಎರಡು ಅಂಗಗಳಿವೆ. ಯಾವ ಚಿಕಿತ್ಸೆ ಬೇಡ ಎಂಬ ಸೂಚನೆ ಒಂದು, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬ ನೇಮಕ ಇನ್ನೊಂದು.

ಇದು ವಯಸ್ಸಾದವರ ಕಾಗದ ಎಂದು ಭಾವಿಸುವುದು ವಾಡಿಕೆ. ಆದರೆ ಈ ಕಾಗದಕ್ಕೆ ಕಾನೂನಿನ ಬಲ ಬಂದದ್ದು ಹೆಚ್ಚಾಗಿ ಹದಿನೆಂಟರಿಂದ ಇಪ್ಪತ್ತಾರು ವರ್ಷದೊಳಗಿನ ಕೆಲವರಿಂದ, ಅದೂ ಏನನ್ನೂ ಬರೆದಿಡದೆ ಹಠಾತ್ತನೆ ಮಾತು ಕಳೆದುಕೊಂಡವರಿಂದ. ಅವರು ಏನು ಬಯಸುತ್ತಿದ್ದರು ಎಂಬುದನ್ನು ತಂದೆತಾಯಿ, ಗಂಡ, ಗೆಳೆಯರು, ದಾದಿಯರು ನ್ಯಾಯಾಲಯದಲ್ಲಿ ನಿಂತು ಊಹಿಸಿ ಹೇಳಬೇಕಾಯಿತು. ಆ ಊಹೆಯ ಸಂಕಟ ಬೇರೆಯವರಿಗೆ ಬಾರದಿರಲಿ ಎಂದೇ ಒಂದೊಂದು ದೇಶವೂ ಈ ಕಾಗದಕ್ಕೆ ಮಾನ್ಯತೆ ಕೊಡುತ್ತ ಬಂದಿತು.

ಯಂತ್ರಕ್ಕೂ ಮೊದಲು

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಇಂಥ ಪತ್ರದ ಅಗತ್ಯವೇ ಇರಲಿಲ್ಲ. ಕನ್ನಡ ನಾಡಿನ ಮನೆಗಳಲ್ಲಿ ಕಾಯಿಲೆಯವರ ಉಸಿರು ಕುಂದಿದಾಗ ಮಂಚದಿಂದ ಇಳಿಸಿ ನೆಲದ ಚಾಪೆಯ ಮೇಲೆ ಮಲಗಿಸುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು, ಗಂಗಾಜಲ ಬಿಡುತ್ತಿದ್ದರು. ನಾಡಿ ನೋಡಿದ ವೈದ್ಯರು ಮನೆಯ ಹಿರಿಯರನ್ನು ಪಡಸಾಲೆಗೆ ಕರೆದು ಒಂದು ಮಾತು ಹೇಳಿ ಹೋಗುತ್ತಿದ್ದರು. ಸಾವನ್ನು ಮುಂದೂಡುವ ಉಪಕರಣವೇ ಇಲ್ಲದಿದ್ದಾಗ ಮುಂದೂಡಬೇಕೇ ಬೇಡವೇ ಎಂದು ಯಾರೂ ತೀರ್ಮಾನಿಸಬೇಕಿರಲಿಲ್ಲ.

ಕೊನೆಯ ಗಳಿಗೆಯ ಬಗ್ಗೆ ಎಚ್ಚರದಲ್ಲಿರುವಾಗಲೇ ನಿರ್ಧಾರ ಮಾಡಿ, ಅದನ್ನು ನಾಲ್ವರ ಮುಂದೆ ಹೇಳುವ ಪರಿಪಾಠ ಮಾತ್ರ ಈ ನೆಲದಲ್ಲಿ ಹಳೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಏಳನೆಯ ಶತಮಾನದಿಂದಲೇ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಜೈನ ಮುನಿಗಳ, ಆರ್ಯಿಕೆಯರ, ಗೃಹಸ್ಥರ ನೆನಪು ಕೆತ್ತಲ್ಪಟ್ಟಿದೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ವ್ರತ ಹಿಡಿದು ಪ್ರಾಣ ಬಿಟ್ಟದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಸಲ್ಲೇಖನ ಧರ್ಮದ ವ್ರತ. ಮುಂಗಡ ನಿರ್ದೇಶನ ರೋಗಿಯ ಸಮ್ಮತಿಯ ಪತ್ರ. ಒಂದರಿಂದ ಇನ್ನೊಂದು ಹುಟ್ಟಲಿಲ್ಲ. ಆದರೂ ನಿರ್ಧಾರ ತನ್ನದಾಗಿರಬೇಕು, ಸಾಕ್ಷಿಗಳ ಮುಂದೆ ಆಗಬೇಕು ಎಂಬ ಎರಡು ಅಂಶಗಳು ಎರಡರಲ್ಲೂ ಇವೆ.

ಪರಿಸ್ಥಿತಿ ಬದಲಾದದ್ದು 1952ರಲ್ಲಿ. ಆ ವರ್ಷ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಬ್ಲೆಗ್‌ಡಮ್ ಆಸ್ಪತ್ರೆಗೆ ಸಾಲುಸಾಲಾಗಿ ಬಂದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ರಂಧ್ರ ಮಾಡಿಸಿ, ಕೊಳವೆ ತೂರಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ತುಂಬಿಸಿದರು. ಆಮೇಲೆ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಂತೆ ರೋಗಿಗಳ ಪಕ್ಕದಲ್ಲಿ ಕುಳಿತು ಹಗಲೂ ರಾತ್ರಿ ಚೀಲ ಹಿಸುಕಿ ನೂರಾರು ಜೀವ ಉಳಿಸಿದರು. ತೀವ್ರ ನಿಗಾ ಘಟಕದ ಕಲ್ಪನೆ ಮೂಡಿದ್ದು ಅಲ್ಲಿ. ಚೀಲ ಹಿಸುಕುವ ಕೈಗಳ ಕೆಲಸವನ್ನು ಮುಂದೆ ವೆಂಟಿಲೇಟರ್ ವಹಿಸಿಕೊಂಡಿತು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ತಜ್ಞರು ಎದೆಯನ್ನು ಒತ್ತಿ ನಿಂತ ಹೃದಯವನ್ನು ಮತ್ತೆ ನಡೆಸುವ ವಿಧಾನವನ್ನು ಪ್ರಕಟಿಸಿದರು.

ಈ ಸಾಧನೆಗಳ ಹಿಂದೆಯೇ ಹೊಸ ಪ್ರಶ್ನೆಯೂ ಬಂದಿತು. ಮಿದುಳು ಚೇತರಿಸಿಕೊಳ್ಳದಿದ್ದರೂ ದೇಹವನ್ನು ಯಂತ್ರದ ಬಲದಿಂದ ನಡೆಸಬಹುದಾದರೆ, ಎಲ್ಲಿಯವರೆಗೆ ನಡೆಸಬೇಕು? ವೈದ್ಯರು ಈ ಪ್ರಶ್ನೆಯನ್ನು ರೋಮಿಗೂ ಒಯ್ದರು. 1957ರ ನವೆಂಬರ್ 24ರಂದು ಪೋಪ್ ಹನ್ನೆರಡನೆಯ ಪಯಸ್ ಅರಿವಳಿಕೆ ತಜ್ಞರ ಸಭೆಯಲ್ಲಿ ಮಾತನಾಡಿ, ಸಾಮಾನ್ಯ ಚಿಕಿತ್ಸೆ ಪಡೆಯುವುದು ಕರ್ತವ್ಯ, ಅಸಾಧಾರಣ ಸಾಧನಗಳನ್ನು ಬಳಸಲೇಬೇಕೆಂಬ ಕಟ್ಟುಪಾಡು ಇಲ್ಲ ಎಂದರು.

ಷಿಕಾಗೊದ ವಕೀಲ, ನ್ಯೂಜೆರ್ಸಿಯ ಯುವತಿ

ಲಿವಿಂಗ್ ವಿಲ್ ಎಂಬ ಹೆಸರನ್ನು ಚಲಾವಣೆಗೆ ತಂದವರು ಷಿಕಾಗೊದ ವಕೀಲ ಲೂಯಿಸ್ ಕಟ್ನರ್. 1969ರಲ್ಲಿ ಇಂಡಿಯಾನಾ ಕಾನೂನು ನಿಯತಕಾಲಿಕದಲ್ಲಿ ಬರೆದ ಲೇಖನದಲ್ಲಿ ಅವರು ಸರಳವಾದ ಒಂದು ತರ್ಕ ಮುಂದಿಟ್ಟರು. ರೋಗಿಯ ಒಪ್ಪಿಗೆ ಇಲ್ಲದೆ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಹಾಗಾದರೆ ಒಪ್ಪಿಗೆ ಇಲ್ಲ ಎಂಬುದನ್ನು ಮೊದಲೇ ಬರೆದಿಟ್ಟರೂ ಅದು ನಡೆಯಬೇಕು. ಪತ್ರಕ್ಕೆ ನೋಟರಿಯ ಮುದ್ರೆ, ಸಾಕ್ಷಿಗಳ ಸಹಿ ಇರಬೇಕು, ಬರೆದವರು ಅದನ್ನು ಸದಾ ಬಳಿಯಲ್ಲಿ ಇಟ್ಟುಕೊಂಡಿರಬೇಕು, ಆಪ್ತರ ಮತ್ತು ವೈದ್ಯರ ಬಳಿಯೂ ಪ್ರತಿ ಇರಬೇಕು, ಯಾವಾಗ ಬೇಕಾದರೂ ಹಿಂಪಡೆಯಲು ಬರುವಂತಿರಬೇಕು ಎಂದು ಅವರು ಸೂಚಿಸಿದ್ದರು. ಬರೆಯುವುದರಷ್ಟೇ ಜೋಪಾನ ಮಾಡುವುದೂ ಮುಖ್ಯ ಎಂಬ ಅರಿವು ಮೊದಲ ಕರಡಿನಲ್ಲೇ ಇತ್ತು.

ಲೇಖನ ಕಾನೂನಾಗಲು ಒಂದು ದುರಂತ ನಡೆಯಬೇಕಾಯಿತು. 1975ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯದ 21 ವರ್ಷದ ಕರೆನ್ ಆ್ಯನ್ ಕ್ವಿನ್ಲನ್ ಗೆಳೆಯರ ಕೂಟವೊಂದರ ನಂತರ ಪ್ರಜ್ಞೆ ತಪ್ಪಿದಳು, ಮತ್ತೆ ಎಚ್ಚರಗೊಳ್ಳಲಿಲ್ಲ. ತಿಂಗಳುಗಳು ಕಳೆದ ಮೇಲೆ ವೆಂಟಿಲೇಟರ್ ತೆಗೆಯಿರಿ ಎಂದು ದತ್ತು ತಂದೆತಾಯಿ ಕೇಳಿದರು, ವೈದ್ಯರು ಒಪ್ಪಲಿಲ್ಲ. 1976ರ ಮಾರ್ಚ್ 31ರಂದು ರಾಜ್ಯದ ಸುಪ್ರೀಂ ಕೋರ್ಟ್ ತಂದೆಯ ಪರವಾಗಿ ತೀರ್ಪು ನೀಡಿತು. ಯಂತ್ರ ತೆಗೆದ ಮೇಲೆ ಕರೆನ್ ತಾನಾಗಿಯೇ ಉಸಿರಾಡಿದಳು. ಕೊಳವೆಯ ಮೂಲಕ ಆಹಾರ ಮುಂದುವರಿಯಿತು. 1985ರ ಜೂನ್ 11ರಂದು ಆಕೆ ತೀರಿಕೊಂಡಳು. ಯಂತ್ರ ತೆಗೆದರೆ ಆ ಕ್ಷಣವೇ ಸಾವು ಎಂಬ ನಂಬಿಕೆಯನ್ನು ಆ ಒಂಬತ್ತು ವರ್ಷಗಳು ಸುಳ್ಳು ಮಾಡಿದವು.

ಈ ಮೊಕದ್ದಮೆಯ ಸುದ್ದಿ ಮನೆಮನೆಗೆ ತಲುಪಿದ್ದ 1976ರಲ್ಲೇ ಕ್ಯಾಲಿಫೋರ್ನಿಯಾ ರಾಜ್ಯ ಸಹಜ ಮರಣ ಕಾಯಿದೆಯನ್ನು ತಂದಿತು. ಲಿವಿಂಗ್ ವಿಲ್‌ಗೆ ಕಾನೂನಿನ ಮಾನ್ಯತೆ ಕೊಟ್ಟ ಮೊದಲ ಶಾಸನ ಅದು. ಷರತ್ತುಗಳು ಬಿಗಿಯಾಗಿದ್ದವು. ಮರಣಾಂತಿಕ ಕಾಯಿಲೆ ಇದೆ ಎಂದು ತಿಳಿದು ಹದಿನಾಲ್ಕು ದಿನ ಕಳೆದ ಮೇಲೆ ಸಹಿ ಹಾಕಿದ ಪತ್ರ ಮಾತ್ರ ವೈದ್ಯರನ್ನು ಕಟ್ಟಿಹಾಕುತ್ತಿತ್ತು. ಐದು ವರ್ಷಕ್ಕೆ ಅದರ ಅವಧಿ ಮುಗಿಯುತ್ತಿತ್ತು. ಕರೆನ್‌ಳಂತೆ ಒಂದೇ ರಾತ್ರಿಯಲ್ಲಿ ಮಾತು ಕಳೆದುಕೊಂಡವರಿಗೆ ಅದರಿಂದ ಪ್ರಯೋಜನವಿರಲಿಲ್ಲ. ಈ ಕೊರತೆ ಕಂಡೇ 1983ರಲ್ಲಿ ಅದೇ ರಾಜ್ಯ, ಚಿಕಿತ್ಸೆಯ ತೀರ್ಮಾನಕ್ಕೆ ಪ್ರತಿನಿಧಿಯನ್ನು ನೇಮಿಸುವ ಅಧಿಕಾರ ಪತ್ರಕ್ಕೂ ಮಾನ್ಯತೆ ನೀಡಿತು. ಸೂಚನೆ ಮತ್ತು ನೇಮಕ ಎಂಬ ಎರಡು ಅಂಗಗಳು ಕೂಡಿದ್ದು ಹೀಗೆ.

ಸಾಕ್ಷ್ಯ ಎಲ್ಲಿ ಎಂಬ ಪ್ರಶ್ನೆ

1983ರ ಜನವರಿ 11ರ ರಾತ್ರಿ ಮಿಸ್ಸೌರಿ ರಾಜ್ಯದಲ್ಲಿ 25 ವರ್ಷದ ನ್ಯಾನ್ಸಿ ಕ್ರೂಜನ್ ಓಡಿಸುತ್ತಿದ್ದ ಕಾರು ಮಗುಚಿತು. ಆಕೆ ಉಸಿರಾಡುತ್ತಿದ್ದಳು, ಪ್ರಜ್ಞೆ ಮರಳಲಿಲ್ಲ. ಹೊಟ್ಟೆಗೆ ಹಾಕಿದ ಕೊಳವೆಯೇ ಆಧಾರ. ಕೊಳವೆ ತೆಗೆಯಲು ತಂದೆತಾಯಿ ಕೋರಿದಾಗ, ಆಕೆಗೆ ಇದು ಬೇಡವಾಗಿತ್ತು ಎಂಬುದಕ್ಕೆ ಸ್ಪಷ್ಟ ಮತ್ತು ಮನಗಾಣಿಸುವ ಸಾಕ್ಷ್ಯ ಬೇಕು ಎಂದು ರಾಜ್ಯ ಪಟ್ಟು ಹಿಡಿಯಿತು. 1990ರ ಜೂನ್ 25ರಂದು ಅಮೆರಿಕದ ಸುಪ್ರೀಂ ಕೋರ್ಟ್, ಐದಕ್ಕೆ ನಾಲ್ಕರ ಬಹುಮತದಿಂದ, ಹಾಗೆ ಕೇಳುವ ಹಕ್ಕು ರಾಜ್ಯಕ್ಕೆ ಇದೆ ಎಂದಿತು. ಅದೇ ತೀರ್ಪು, ಬೇಡದ ಚಿಕಿತ್ಸೆಯನ್ನು ನಿರಾಕರಿಸುವ ಸ್ವಾತಂತ್ರ್ಯ ವ್ಯಕ್ತಿಗೆ ಇದೆ ಎಂಬ ನೆಲೆಯಲ್ಲೇ ವಿಚಾರ ಮಾಡಿತ್ತು. ಆಮೇಲೆ ಹಳೆಯ ಗೆಳೆಯರು ಬಂದು ಆಕೆ ಹಿಂದೆ ಆಡಿದ್ದ ಮಾತುಗಳನ್ನು ಕೆಳ ನ್ಯಾಯಾಲಯದಲ್ಲಿ ನೆನಪಿಸಿಕೊಂಡರು. ಅನುಮತಿ ದೊರೆತು, ಡಿಸೆಂಬರ್ 26ರಂದು ನ್ಯಾನ್ಸಿ ಕೊನೆಯುಸಿರೆಳೆದಳು.

ಬಾಯಿಮಾತಿಗೂ ಬರಹಕ್ಕೂ ಇರುವ ಅಂತರವನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಲಿಲ್ಲ. ಅದೇ ವರ್ಷ ಅಮೆರಿಕದ ಸಂಸತ್ತು ರೋಗಿಯ ಸ್ವನಿರ್ಣಯ ಕಾಯಿದೆಯನ್ನು ಅಂಗೀಕರಿಸಿತು. 1991ರ ಡಿಸೆಂಬರ್‌ನಿಂದ, ಸರ್ಕಾರದ ಆರೋಗ್ಯ ಯೋಜನೆಗಳಿಂದ ಹಣ ಪಡೆಯುವ ಆಸ್ಪತ್ರೆಗಳು ದಾಖಲಾಗುವ ವಯಸ್ಕ ರೋಗಿಗೆ ಮುಂಗಡ ನಿರ್ದೇಶನದ ಹಕ್ಕನ್ನು ತಿಳಿಸುವುದು ಕಡ್ಡಾಯವಾಯಿತು.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ಎದ್ದದ್ದು ಫುಟ್‌ಬಾಲ್ ಮೈದಾನದಿಂದ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ 18 ವರ್ಷದ ಟೋನಿ ಬ್ಲ್ಯಾಂಡ್‌ನ ಮಿದುಳಿಗೆ ಆಮ್ಲಜನಕ ತಪ್ಪಿತು. 1993ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೊಳವೆಯ ಆಹಾರ ನಿಲ್ಲಿಸಲು ಅನುಮತಿ ಕೊಟ್ಟಿತು. ಮುಂದೆ 2005ರ ಮಾನಸಿಕ ಸಾಮರ್ಥ್ಯ ಕಾಯಿದೆ ಅಲ್ಲಿ ಮುಂಗಡ ನಿರ್ಧಾರಕ್ಕೆ ಶಾಸನದ ಬಲ ನೀಡಿತು. ಜೀವರಕ್ಷಕ ಚಿಕಿತ್ಸೆಯನ್ನು ನಿರಾಕರಿಸುವ ಪತ್ರದಲ್ಲಿ, ಜೀವಕ್ಕೆ ಅಪಾಯವಿದ್ದರೂ ಇದು ಅನ್ವಯಿಸುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು, ಸಾಕ್ಷಿಯ ಸಹಿಯೂ ಇರಬೇಕು ಎಂಬುದು ಅದರ ನಿಯಮ. ಡೆನ್ಮಾರ್ಕ್ 1992ರಲ್ಲೇ ಇಂಥ ಪತ್ರಗಳಿಗೆ ರಾಷ್ಟ್ರೀಯ ನೋಂದಣಿ ಪುಸ್ತಕ ತೆರೆದಿತ್ತು. ಜರ್ಮನಿಯ ಕಾನೂನು 2009ರಲ್ಲಿ ಜಾರಿಗೆ ಬಂದಿತು.

ಬರೆದದ್ದೂ ಸಾಲದಾದಾಗ

ಕಾನೂನು ಬಂದ ಮಾತ್ರಕ್ಕೆ ಕಾಗದ ಕೆಲಸ ಮಾಡಲಿಲ್ಲ. 1990ರಲ್ಲಿ 26ನೆಯ ವಯಸ್ಸಿನಲ್ಲಿ ಕುಸಿದುಬಿದ್ದ ಫ್ಲಾರಿಡಾದ ಟೆರ್ರಿ ಶೈವೊ ಏನನ್ನೂ ಬರೆದಿರಲಿಲ್ಲ. ಆಕೆಗೆ ಇಂಥ ಬದುಕು ಬೇಡವಾಗಿತ್ತು ಎಂದು ಗಂಡ, ಬೇಕಿತ್ತು ಎಂದು ತಂದೆತಾಯಿ ವರ್ಷಗಟ್ಟಲೆ ಹೋರಾಡಿದರು. ಕೊಳವೆಯನ್ನು ಎರಡು ಸಲ ತೆಗೆದು ಮತ್ತೆ ಹಾಕಲಾಯಿತು. ಶಾಸನಸಭೆ, ಸಂಸತ್ತು, ರಾಷ್ಟ್ರಾಧ್ಯಕ್ಷರು ಎಲ್ಲರೂ ನಡುವೆ ಬಂದರು. 2005ರ ಮಾರ್ಚ್ 31ರಂದು ಆಕೆ ಸತ್ತಾಗ ಒಂದು ಕುಟುಂಬ ಸರಿಪಡಿಸಲಾಗದಂತೆ ಒಡೆದಿತ್ತು.

ಪತ್ರ ಬರೆದವರ ಪಾಡೂ ಸುಗಮವಾಗಿರಲಿಲ್ಲ. ಪತ್ರ ಬ್ಯಾಂಕಿನ ಲಾಕರಿನಲ್ಲಿ, ರೋಗಿ ಐಸಿಯುನಲ್ಲಿ ಎಂಬ ಸ್ಥಿತಿ ಸಾಮಾನ್ಯವಾಗಿತ್ತು. ಪತ್ರ ಸಿಕ್ಕರೂ ‘ಚೇತರಿಕೆಯ ಆಸೆ ಇಲ್ಲದಿದ್ದರೆ’ ಎಂಬಂಥ ಸಡಿಲ ಮಾತುಗಳು ಇಂದು ರಾತ್ರಿ ಈ ರೋಗಿಗೆ ಏನು ಮಾಡಬೇಕು ಎಂಬುದಕ್ಕೆ ಉತ್ತರವಾಗುತ್ತಿರಲಿಲ್ಲ. ಈ ಅನುಭವದಿಂದ ಎರಡು ತಿದ್ದುಪಡಿ ಹುಟ್ಟಿದವು. ಆರೆಗಾನ್ ರಾಜ್ಯದಲ್ಲಿ 1990ರ ದಶಕದಲ್ಲಿ, ಗಂಭೀರ ಕಾಯಿಲೆ ಇರುವವರ ಇಚ್ಛೆಯನ್ನು ವೈದ್ಯರೇ ಸಹಿ ಮಾಡಿದ ಆದೇಶವಾಗಿ ಬರೆಯುವ ಪದ್ಧತಿ ಶುರುವಾಯಿತು. ಆಂಬುಲೆನ್ಸ್ ಸಿಬ್ಬಂದಿಗೂ ಅದು ಓದಿದೊಡನೆ ಅರ್ಥವಾಗುತ್ತಿತ್ತು. ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಎಂಬ ಸಣ್ಣ ನಗರದಲ್ಲಿ 1991ರಿಂದ ಊರಿನ ಆಸ್ಪತ್ರೆಗಳು ಕೂಡಿ, ತರಬೇತಿ ಪಡೆದವರನ್ನು ಮುಂದಿಟ್ಟುಕೊಂಡು ಕುಟುಂಬಗಳೊಡನೆ ಮಾತುಕತೆ ನಡೆಸಿದವು. 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ತೀರಿಕೊಂಡವರಲ್ಲಿ ಶೇ 85 ಮಂದಿ ನಿರ್ದೇಶನ ಬರೆದಿಟ್ಟಿದ್ದರು. ಮನೆಯವರೊಡನೆ ಮಾತುಕತೆ ಮೊದಲು, ಬರಹ ಆಮೇಲೆ ಎಂಬುದೇ ಆ ಊರಿನ ಪಾಠ.

ಹಳದೀಪುರದಿಂದ ಸಂವಿಧಾನ ಪೀಠಕ್ಕೆ

ಭಾರತದಲ್ಲಿ ಈ ಚರಿತ್ರೆಯ ಕೇಂದ್ರದಲ್ಲಿರುವವರು ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ. ದಾದಿಯಾಗಲು ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆ ಸೇರಿದ್ದ ಅವರಿಗೆ ಮದುವೆ ಗೊತ್ತಾಗಿತ್ತು. 1973ರ ನವೆಂಬರ್ 27ರಂದು ಆಸ್ಪತ್ರೆಯ ಆವರಣದಲ್ಲೇ ವಾರ್ಡ್ ನೌಕರನೊಬ್ಬ ನಾಯಿ ಕಟ್ಟುವ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಅವರ ಮೇಲೆ ಅತ್ಯಾಚಾರ ಎಸಗಿದ. ಮಿದುಳಿಗೆ ರಕ್ತ ಹರಿಯದೆ, 25ನೆಯ ವಯಸ್ಸಿನಲ್ಲಿ ಅವರು ಹಾಸಿಗೆ ಹಿಡಿದರು. ಮುಂದಿನ 42 ವರ್ಷ ಅದೇ ಆಸ್ಪತ್ರೆಯ ನಾಲ್ಕನೆಯ ವಾರ್ಡಿನ ಪಕ್ಕದ ಕೋಣೆಯೇ ಅವರ ಮನೆ. ದಾದಿಯರು ತಲೆಮಾರು ತಲೆಮಾರಾಗಿ ಅವರನ್ನು ಮೀಯಿಸಿ, ಮೆತ್ತಗಿನ ಊಟ ಬಾಯಿಗಿಟ್ಟು, ಮಗ್ಗುಲು ಬದಲಿಸಿ ನೋಡಿಕೊಂಡರು. ಮೈಯಲ್ಲಿ ಹಾಸಿಗೆ ಹುಣ್ಣು ಏಳಲು ಬಿಡಲಿಲ್ಲ.

ಅವರ ಬದುಕನ್ನು ಕುರಿತು 1998ರಲ್ಲಿ ಪುಸ್ತಕ ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಈ ಸ್ಥಿತಿ ಕೊನೆಗಾಣಲಿ ಎಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ದಾದಿಯರು ಬೇಡ ಎಂದರು. ಎರಡೂ ಕಡೆ ಅಂತಃಕರಣವಿತ್ತು. ಅರುಣಾ ಅವರ ಮಾತು ಮಾತ್ರ ಇರಲಿಲ್ಲ. 2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ ಸುಧಾ ಮಿಶ್ರಾ ಅರ್ಜಿಯನ್ನು ತಳ್ಳಿಹಾಕಿದರು. ಆದರೆ ಇಂಥ ಸಂದರ್ಭಗಳಲ್ಲಿ ಹೈಕೋರ್ಟಿನ ಅನುಮತಿಯೊಂದಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದು ಎಂಬ ದಾರಿಯನ್ನು ಅದೇ ತೀರ್ಪು ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಮುಂಗಡ ನಿರ್ದೇಶನಕ್ಕೇ ಮಾನ್ಯತೆ ಬೇಕೆಂಬ ಕೋರಿಕೆ ಬೇರೆ ದಾರಿಯಿಂದ ಬಂದಿತ್ತು. ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲೇ ಅರ್ಜಿ ಸಲ್ಲಿಸಿತ್ತು. ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಎಂದು 1996ರ ಜ್ಞಾನ್ ಕೌರ್ ತೀರ್ಪು ಹೇಳಿತ್ತಾದರೂ, ಸಹಜವಾಗಿ ಬರುತ್ತಿರುವ ಸಾವಿನ ಹೊತ್ತಿನ ಘನತೆ ಬದುಕಿನ ಹಕ್ಕಿಗೆ ಸೇರುತ್ತದೆ ಎಂಬ ಎಳೆಯನ್ನೂ ಬಿಟ್ಟಿತ್ತು. ಆ ಎಳೆ ಹಿಡಿದು 2018ರ ಮಾರ್ಚ್ 9ರಂದು ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ನೇತೃತ್ವದ ಐವರ ಸಂವಿಧಾನ ಪೀಠ, ಘನತೆಯಿಂದ ಸಾಯುವುದು ಸಂವಿಧಾನದ 21ನೆಯ ವಿಧಿಯ ಭಾಗ ಎಂದೂ ಮುಂಗಡ ನಿರ್ದೇಶನಕ್ಕೆ ಬೆಲೆ ಇದೆ ಎಂದೂ ತೀರ್ಪು ನೀಡಿತು. ಚುಚ್ಚುಮದ್ದು ಕೊಟ್ಟು ಸಾವು ತರುವ ಸಕ್ರಿಯ ದಯಾಮರಣ ಅಂದಿಗೂ ಇಂದಿಗೂ ಅಪರಾಧವೇ. ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಸೀಮಿತವಾದ ಬೇರೊಂದು ಮುಂಗಡ ನಿರ್ದೇಶನ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿದೆ, ಎರಡನ್ನೂ ಬೆರೆಸಬಾರದು.

ಹಕ್ಕು ಸಿಕ್ಕಿತು, ಬಳಸುವ ದಾರಿ ಮಾತ್ರ ಕಡಿದಾಗಿತ್ತು. ಪತ್ರಕ್ಕೆ ಪ್ರಥಮ ದರ್ಜೆ ಜುಡಿಷಿಯಲ್ ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕಿತ್ತು. ಜಾರಿಯ ಹೊತ್ತಿಗೆ ಆಸ್ಪತ್ರೆಯ ಮಂಡಳಿ, ಅದರ ಮೇಲೆ ಜಿಲ್ಲಾಧಿಕಾರಿ ನೇಮಿಸುವ ಇನ್ನೊಂದು ಮಂಡಳಿ, ಆಮೇಲೆ ಮ್ಯಾಜಿಸ್ಟ್ರೇಟರೇ ಬಂದು ರೋಗಿಯನ್ನು ನೋಡುವುದು. ತಜ್ಞರಿಗೆ ಇಪ್ಪತ್ತು ವರ್ಷಗಳ ಅನುಭವ. ಇಷ್ಟೆಲ್ಲ ಮುಗಿಯುವ ತನಕ ಐಸಿಯು ಕಾಯುವುದಿಲ್ಲ. ಹೀಗಾಗಿ ಹಳೆಯ ರೂಢಿಯೇ ಮುಂದುವರಿಯಿತು: ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂದು ಬರೆದುಕೊಟ್ಟು ರೋಗಿಯನ್ನು ಮನೆಗೆ ಒಯ್ಯುವುದು. ಆಂಬುಲೆನ್ಸಿನಲ್ಲಿ ಮಗನೋ ಅಳಿಯನೋ ಉಸಿರಿನ ಚೀಲ ಹಿಸುಕುತ್ತ ಕೂರುತ್ತಾನೆ; ಹೊಸ್ತಿಲು ದಾಟಿದ ಮೇಲೆ ಕೈ ನಿಲ್ಲುತ್ತದೆ. ನೋವು ತಗ್ಗಿಸುವ ಮದ್ದು, ದಾದಿಯ ಆರೈಕೆ ಎರಡೂ ಇಲ್ಲದ ಆ ಬೀಳ್ಕೊಡುಗೆಯಲ್ಲಿ ತಪ್ಪಿತಸ್ಥ ಭಾವ ಮನೆಯವರ ಪಾಲಿಗೆ ಉಳಿಯುತ್ತದೆ.

ತೀವ್ರ ನಿಗಾ ತಜ್ಞರ ಸಂಘ ನಿಯಮ ಸಡಿಲಿಸಲು ಕೋರಿತು. 2023ರ ಜನವರಿ 24ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಐವರ ಪೀಠ ಅವನ್ನು ತಿದ್ದಿತು. ಮ್ಯಾಜಿಸ್ಟ್ರೇಟರ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕಾಯಿತು. ತಜ್ಞರ ಅನುಭವ ಐದು ವರ್ಷಕ್ಕೆ ಇಳಿಯಿತು. ಮಂಡಳಿಗಳು ಆದಷ್ಟು 48 ಗಂಟೆಗಳಲ್ಲಿ ತೀರ್ಮಾನಿಸಬೇಕು ಎಂದಾಯಿತು. ಮ್ಯಾಜಿಸ್ಟ್ರೇಟರಿಗೆ ವಿಷಯ ತಿಳಿಸಿದರೆ ಸಾಕು.

ಕರ್ನಾಟಕದ ಸುತ್ತೋಲೆ

ತೀರ್ಪನ್ನು ಆಸ್ಪತ್ರೆಯ ಮಟ್ಟಕ್ಕೆ ಇಳಿಸುವ ಕೆಲಸ ರಾಜ್ಯಗಳದು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಎರಡನೆಯ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ಒಬ್ಬ ವೈದ್ಯರನ್ನು ಹೆಸರಿಸಬೇಕು. ಅಂಗಾಂಗ ಕಸಿ ಕಾಯಿದೆಯ ಅಡಿ ಮಾನ್ಯತೆ ಪಡೆದ ನರರೋಗ ತಜ್ಞರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ತೀವ್ರ ನಿಗಾ ತಜ್ಞರು ಈ ಕೆಲಸಕ್ಕೆ ಅರ್ಹರು. ಮಂಡಳಿಯಲ್ಲಿ ಯಾರಿರಬೇಕು ಎಂಬ ಗೊಂದಲಕ್ಕೆ ಇದರಿಂದ ತೆರೆಬಿತ್ತು. ಇದು ದಯಾಮರಣವಲ್ಲ, ಫಲವಿಲ್ಲದ ಚಿಕಿತ್ಸೆಯನ್ನು ಹಿಂತೆಗೆಯುವುದು ಮಾತ್ರ ಎಂದು ಸರ್ಕಾರ ಸ್ಪಷ್ಟಪಡಿಸಿತು. ಈ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಅಧಿಕಾರದಲ್ಲಿರುವವರಿಗೆ ಪತ್ರ ಬರೆಯುತ್ತಲೇ ಬಂದಿದ್ದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಆಗ ನಾಡಿನಾಚೆಗೂ ಕೇಳಿಬಂದಿತು.

ಇಂದಿನ ರೂಪ

ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಯಾರ ಒತ್ತಾಯವೂ ಇಲ್ಲದೆ ಈ ನಿರ್ದೇಶನ ಬರೆಯಬಹುದು. ವೆಂಟಿಲೇಟರ್, ಎದೆ ಒತ್ತಿ ಹೃದಯ ಚಾಲನೆ, ಡಯಾಲಿಸಿಸ್, ಕೊಳವೆ ಆಹಾರ ಇವುಗಳಲ್ಲಿ ಯಾವುದು ಯಾವ ಸ್ಥಿತಿಯಲ್ಲಿ ಬೇಡ ಎಂದು ಬಿಡಿಸಿ ಬರೆದಷ್ಟೂ ವೈದ್ಯರಿಗೆ ಅನುಕೂಲ. ತನ್ನ ಪರವಾಗಿ ತೀರ್ಮಾನಿಸುವ ಆಪ್ತರನ್ನು ಹೆಸರಿಸಬೇಕು. ಕರ್ನಾಟಕದ ಸುತ್ತೋಲೆ ಇಬ್ಬರನ್ನು ಹೇಳುತ್ತದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆಯಬೇಕು. ಪ್ರತಿಗಳು ಹೆಸರಿಸಿದ ಆಪ್ತರಿಗೆ, ಮನೆಯ ವೈದ್ಯರಿಗೆ, ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ತಲುಪಬೇಕು. ಡಿಜಿಟಲ್ ಆರೋಗ್ಯ ದಾಖಲೆಯಲ್ಲೂ ಸೇರಿಸಬಹುದು.

ಮನಸ್ಸು ಬದಲಾದರೆ ಬರಹದಲ್ಲೇ ಹಿಂಪಡೆಯಲು, ತಿದ್ದಲು ಅವಕಾಶವಿದೆ. ಹೊಸ ಕಾಯಿಲೆ ಬಂದಾಗ, ಹೆಸರಿಸಿದವರು ತೀರಿಕೊಂಡಾಗ ಪತ್ರವನ್ನು ಮತ್ತೆ ನೋಡುವುದು ಒಳ್ಳೆಯ ರೂಢಿ. ಹಳೆಯ ಪ್ರತಿಗಳನ್ನು ಎಲ್ಲರಿಂದ ವಾಪಸು ಪಡೆಯದಿದ್ದರೆ ಎರಡು ಮಾತು ಎದುರುಬದುರಾಗುತ್ತವೆ. ರೋಗಿ ಸ್ವತಃ ಮಾತನಾಡಬಲ್ಲವರಾಗಿರುವವರೆಗೆ ಪತ್ರ ಸುಮ್ಮನಿರುತ್ತದೆ, ಬಾಯಿಮಾತೇ ಅಂತಿಮ. ಜಾರಿಗೆ ಬರುವಾಗ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಪತ್ರದ ನಿಜತ್ವ ಪರಿಶೀಲಿಸುತ್ತಾರೆ; ಎರಡೂ ಮಂಡಳಿಗಳು, ಹೆಸರಿಸಿದ ಆಪ್ತರು ಒಪ್ಪಬೇಕು. ಪತ್ರ ಇಲ್ಲದವರ ವಿಷಯದಲ್ಲೂ ಹತ್ತಿರದವರ ಸಮ್ಮತಿಯೊಂದಿಗೆ ಇದೇ ಕ್ರಮ ನಡೆಯುತ್ತದೆ. ಯಾವ ಸಂದರ್ಭದಲ್ಲೂ ನೋವು, ಉಬ್ಬಸ, ತಳಮಳ ತಗ್ಗಿಸುವ ಉಪಶಾಮಕ ಆರೈಕೆ ನಿಲ್ಲುವಂತಿಲ್ಲ. ಯಂತ್ರ ಬೇಡ ಎಂದವರು ಆರೈಕೆ ಬೇಡ ಎಂದಿರುವುದಿಲ್ಲ.